ಸೂರಿಗೆ ಸಿಕ್ಕಿಸಿದ ಲೋಟ: ಹನ್ನೊಂದು ಪುಟಗಳವರೆಗೆ

ಹನ್ನೊಂದನೆಯ ಪುಟದ ಶಾಯಿ ನಿನ್ನೆ ರಾತ್ರಿ ಒಣಗಿತು. ಇಪ್ಪತ್ತನಾಲ್ಕು ಪುಟಗಳ ನನ್ನ ಚಿತ್ರಕಥೆಯ ಪುಸ್ತಕಕ್ಕೆ ಅರ್ಧದಷ್ಟು ಆಗಲು ಇನ್ನೊಂದು ಪುಟ ಬೇಕು. ಕಳೆದ ಸಲ ಬರೆದಾಗ ಆರು ಪುಟ ಮುಗಿದಿವೆ ಎಂದಿದ್ದೆ. ಆ ಆರರಲ್ಲಿ ನಾಲ್ಕನ್ನು ಆಮೇಲೆ ಹರಿದು ಹಾಕಿದೆ. ಏಕೆ ಹರಿದೆ ಎಂಬುದನ್ನೇ ಈ ಸಲ ಬರೆಯಬೇಕು.

ಮೊದಲ ಸಲ ಓದುತ್ತಿರುವವರಿಗಾಗಿ ಎರಡು ಮಾತು. ತಿಪಟೂರಿನ ಕಡೆಯ ನಮ್ಮ ಊರಿನಲ್ಲಿ ತಾತ ಹೋಟೆಲು ನಡೆಸುತ್ತಿದ್ದರು. ಕಾಫಿ, ಇಡ್ಲಿ, ಸಂತೆಯ ದಿನ ಮಾತ್ರ ಪೂರಿ. ಒಳಗೆ ಬೆಂಚಿನ ಮೇಲೆ ಕುಳಿತವರಿಗೆ ಹಿತ್ತಾಳೆಯ ಲೋಟ. ಕೇರಿಯಿಂದ ಬಂದವರು ಹೊರಗೆ ನಿಲ್ಲಬೇಕು. ಅವರಿಗಾಗಿ ಸೂರಿನ ಗಳುವಿಗೆ ಸಿಕ್ಕಿಸಿಟ್ಟ ಒಂದು ಗಾಜಿನ ಲೋಟ. ಅದಕ್ಕೂ ಹಿಂದೆ ತೆಂಗಿನ ಕರಟ ಇತ್ತಂತೆ. ಆ ಲೋಟದ ಕಥೆಯನ್ನು ನಾನು ಚಿತ್ರಕಥೆಯಾಗಿ ಬಿಡಿಸುತ್ತಿದ್ದೇನೆ. ಅಪ್ಪ ಹೇಳುತ್ತಾರೆ, ನಾನು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತೇನೆ, ಭಾನುವಾರಗಳಲ್ಲಿ ಬಿಡಿಸುತ್ತೇನೆ.

ಅಪ್ಪನ ಎದುರು ಕುಳಿತು ಕೇಳುವ ಈ ಕ್ರಮವನ್ನು ಕಲಿತದ್ದು ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್'ನಿಂದ. ನಾಜಿ ಶಿಬಿರಗಳಿಂದ ಬದುಕಿ ಬಂದ ತಂದೆಯ ನೆನಪುಗಳನ್ನು ಮಗ ಕೇಳಿ ಕೇಳಿ ಬಿಡಿಸಿದ ಆ ಪುಸ್ತಕಕ್ಕೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂದಿತು. ಆದರೆ ಅಲ್ಲಿನ ತಂದೆ ಅನ್ಯಾಯಕ್ಕೆ ಒಳಗಾದವರು. ನಮ್ಮ ಮನೆಯ ಕಥೆಯಲ್ಲಿ ಅನ್ಯಾಯ ಮಾಡಿದವರು ನಾವು. ಈ ವ್ಯತ್ಯಾಸವನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ; ನನ್ನ ಕೈಗೆ ಅದು ಇನ್ನೂ ತಿಳಿದಿರಲಿಲ್ಲ.

ನನ್ನ ಕೈ ಪಳಗಿದ್ದು ಅಮರ ಚಿತ್ರಕಥೆಯನ್ನು ನೋಡಿ. ಆ ಮಾಲೆಗೂ ಕನ್ನಡಕ್ಕೂ ಹಳೆಯ ನಂಟಿದೆ: ಅದನ್ನು ರೂಪಿಸಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, 1929ರಲ್ಲಿ. ಮಾಲೆಯ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಮಕ್ಕಳ ಕಥೆಗಳು, ಅವು ಬಂದದ್ದು ಕನ್ನಡದಲ್ಲಿ; ಹಾಗಾಗಿಯೇ 'ಕೃಷ್ಣ'ನಿಗೆ ಹನ್ನೊಂದನೆಯ ಸಂಖ್ಯೆ. ಅಟ್ಟದ ಮೇಲಿನ ಟ್ರಂಕಿನಲ್ಲಿದ್ದ ಆ ಪುಸ್ತಕಗಳನ್ನು ಓದಿ ಓದಿ, ಪುಟವೆಂದರೆ ಅಳತೆಪಟ್ಟಿ ಇಟ್ಟು ಎಳೆದ ಚೌಕಗಳು, ಮೇಲೆ ನಿರೂಪಣೆಯ ಪಟ್ಟಿ ಎಂದೇ ನನ್ನ ಬೆರಳು ತಿಳಿದಿತ್ತು. ಮೊದಲ ಪುಟಗಳನ್ನು ಹಾಗೆಯೇ ಬಿಡಿಸಿದೆ. ತಾತನ ಪಂಚೆ, ಒಲೆಯ ಹೊಗೆ, ಬಾಯ್ಲರಿನ ಹೊಳಪು ಎಲ್ಲವೂ ಬಂದಿದ್ದವು. ತಂಗಿ ನೋಡಿ, "ಅಣ್ಣಾ, ತಾತನ ಹೋಟೆಲು ಎಷ್ಟು ಚೆನ್ನಾಗಿತ್ತು ಅಲ್ಲವೇ, ಈಗಲೇ ಹೋಗಿ ಕಾಫಿ ಕುಡಿಯೋಣ ಎನಿಸುತ್ತದೆ" ಎಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಪುಟಗಳನ್ನು ಮತ್ತೆ ಹರಡಿಕೊಂಡೆ. ಮೂರನೆಯ ಪುಟದಲ್ಲಿ ಹೊರಗೆ ನಿಂತು ಕಾಫಿ ಕುಡಿಯುವ ಮನುಷ್ಯನಿಗೂ ಒಳಗೆ ಕುಳಿತ ಪಟೇಲರಿಗೂ ಒಂದೇ ಅಳತೆಯ ಚೌಕ ಕೊಟ್ಟಿದ್ದೆ. ಅವನಿಗೆ ಹೋಟೆಲಿನಲ್ಲಿ ಇಲ್ಲದ ಜಾಗವನ್ನು ನನ್ನ ಅಳತೆಪಟ್ಟಿ ಪುಕ್ಕಟೆಯಾಗಿ ಕೊಟ್ಟುಬಿಟ್ಟಿತ್ತು. ನೋಡುವವರಿಗೆ ಎಲ್ಲರೂ ಸುಖವಾಗಿ ಕಾಫಿ ಕುಡಿಯುತ್ತಿರುವಂತೆ ಕಾಣುತ್ತಿತ್ತು.

ಮರುದಿನ 'ಭೀಮಾಯಣ'ವನ್ನು ಮತ್ತೆ ಕೈಗೆತ್ತಿಕೊಂಡೆ. 2011ರಲ್ಲಿ ನವಯಾನ ಪ್ರಕಟಿಸಿದ, ಅಂಬೇಡ್ಕರ್ ಅವರ ಬದುಕಿನಲ್ಲಿ ಅಸ್ಪೃಶ್ಯತೆ ತಂದೊಡ್ಡಿದ ಘಟನೆಗಳ ಚಿತ್ರಕಥೆ ಅದು. ಮಾತು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು, ಚಿತ್ರ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿಯದು. 1901ರಲ್ಲಿ ಅಪ್ಪನನ್ನು ಕಾಣಲು ಹೊರಟ ಬಾಲಕ ಭೀಮ ಮಸೂರು ನಿಲ್ದಾಣದಲ್ಲಿ ಇಳಿದಾಗ, ಜಾತಿ ತಿಳಿದ ಮೇಲೆ ಗಾಡಿಯವರು ಹತ್ತಿಸಿಕೊಳ್ಳಲು ಒಪ್ಪುವುದಿಲ್ಲ. ಬುತ್ತಿ ಕೈಯಲ್ಲೇ ಇದ್ದರೂ ಕುಡಿಯುವ ನೀರು ಸಿಗದೆ ರಾತ್ರಿ ಕಳೆಯಬೇಕಾಗುತ್ತದೆ. ಮೊದಲು ಓದಿದಾಗ ನನ್ನನ್ನು ಹಿಡಿದದ್ದು ಕಥೆ. ಈ ಸಲ ಪುಟಗಳನ್ನು ತಲೆಕೆಳಗಾಗಿ ಹಿಡಿದು, ಅಕ್ಷರ ಓದದೆ, ಗೆರೆಗಳನ್ನಷ್ಟೇ ನೋಡಿದೆ.

ಅಲ್ಲಿ ಚೌಕಗಳೇ ಇಲ್ಲ. ಪಾತ್ರಗಳನ್ನು ಡಬ್ಬಿಗಳೊಳಗೆ ತುಂಬಿದರೆ ಉಸಿರುಗಟ್ಟುತ್ತದೆ, ನಮ್ಮದು ಬಯಲಿನ ಕಲೆ ಎಂಬ ಅರ್ಥದಲ್ಲಿ ವ್ಯಾಮ್ ದಂಪತಿ ಪುಸ್ತಕದ ಕೊನೆಯಲ್ಲಿ ಹೇಳಿಕೊಂಡಿದ್ದಾರೆ. ಪುಟವನ್ನು ಭಾಗ ಮಾಡುವುದು ಡಿಗ್ನಾ, ಎಂದರೆ ಮಧ್ಯ ಭಾರತದ ಬುಡಕಟ್ಟಿನವರಾದ ಪರ್ಧಾನ್ ಗೊಂಡರ ಮನೆಗಳ ಗೋಡೆ ಮತ್ತು ನೆಲದ ಮೇಲೆ ಬರೆಯುವ ಅಲಂಕಾರದ ಪಟ್ಟಿ. ಮಾತಿನ ಗುಳ್ಳೆಗಳಿಗೂ ಗುಣವಿದೆ: ಮೃದು ಮಾತು ಹಕ್ಕಿಯ ಆಕಾರದಲ್ಲಿ, ಜಾತಿಯ ವಿಷವಿರುವ ಮಾತು ಚೇಳಿನ ಕೊಂಡಿಯೊಂದಿಗೆ, ಮನಸ್ಸಿನೊಳಗಿನ ಮಾತು ಕಣ್ಣಿನ ಗುರುತಿನೊಂದಿಗೆ.

ಈ ಗೆರೆಗಳಿಗೂ ಒಂದು ವಂಶವಿದೆ. ಪರ್ಧಾನರು ಬಾನಾ ಎಂಬ ತಂತಿವಾದ್ಯ ನುಡಿಸುತ್ತ ಗೊಂಡರ ಮನೆಮನೆಗೆ ಹೋಗಿ ಅವರ ಕುಲದ ಕಥೆಗಳನ್ನು ಹಾಡುತ್ತಿದ್ದವರು. ಮಧ್ಯಪ್ರದೇಶದ ಪಾಟನ್‌ಗಢದ ಜಂಗಢ್ ಸಿಂಗ್ ಶ್ಯಾಮ್ ಎಂಬ ತರುಣ, ಕಲಾವಿದ ಜೆ. ಸ್ವಾಮಿನಾಥನ್ ಅವರ ಮೂಲಕ ಭೋಪಾಲದ ಕಲಾಕೇಂದ್ರ ಭಾರತ ಭವನ ಸೇರಿ, ಆ ಕಥೆಗಳನ್ನು ಕಾಗದ ಮತ್ತು ಕ್ಯಾನ್ವಾಸಿಗೆ ತಂದರು. ಅವರು 2001ರಲ್ಲಿ ಜಪಾನಿನಲ್ಲಿ ತೀರಿಕೊಂಡರು. ಅವರ ಬಂಧುಬಳಗವೇ ಆ ಕಲೆಯನ್ನು ಮುಂದುವರಿಸಿತು; ಅದಕ್ಕೆ ಇಂದು ಜಂಗಢ್ ಕಲಂ ಎನ್ನುತ್ತಾರೆ. ದುರ್ಗಾಬಾಯಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಹಾಡುವ ಮನೆತನದ ಗೆರೆ ಅಂಬೇಡ್ಕರ್ ಕಥೆಯನ್ನು ತನ್ನದಾಗಿ ಮಾಡಿಕೊಂಡ ರೀತಿ ನನಗೆ ಎಷ್ಟು ನೋಡಿದರೂ ಸಾಲದು.

ಆ ವಾರ ನಾನೂ ಚುಕ್ಕಿ, ಸಣ್ಣ ಗೆರೆಗಳಿಂದ ಹೋಟೆಲಿನ ಗೋಡೆ ತುಂಬಿಸಿದೆ. ಎರಡೇ ದಿನದಲ್ಲಿ ನಾಚಿಕೆಯಾಯಿತು. ಆ ಗೆರೆ ಅವರ ಅಂಗಳದಲ್ಲಿ ಬೆಳೆದದ್ದು, ಅದನ್ನು ಕಿತ್ತು ತಂದು ನಮ್ಮ ತಾತನ ಗೋಡೆಗೆ ಹಚ್ಚುವ ಹಕ್ಕು ನನಗಿಲ್ಲ. ಅವರಿಂದ ತೆಗೆದುಕೊಳ್ಳಬಹುದಾದದ್ದು ಒಂದು ಪ್ರಶ್ನೆ: ಈ ಪುಟದ ಗೆರೆ ಯಾರನ್ನು ಒಳಗಿಡುತ್ತದೆ?

ಹೀಗೆ ಕೇಳಿಕೊಂಡ ಮೇಲೆ ಕೆಲಸ ಸಲೀಸಾಯಿತು. ಈಗ ಚೌಕ ಎಂದರೆ ಹೋಟೆಲಿನ ಗೋಡೆಯೇ. ಒಳಗಿರುವವರಿಗೆ ಮಾತ್ರ ಚೌಕ. ದಪ್ಪ ಗೆರೆ, ಒಳಗೆಲ್ಲ ಹೊಗೆಯ ಕಪ್ಪು, ಪಾತ್ರೆ, ಮಾತು. ಹೊರಗಿನವನು ಎರಡು ಚೌಕಗಳ ನಡುವಿನ ಬಿಳಿಯಲ್ಲಿ ನಿಲ್ಲುತ್ತಾನೆ. ಮೊದಲ ಐದು ಪುಟಗಳಲ್ಲಿ ಆ ಬಿಳಿ ಎಷ್ಟು ಕಿರಿದೆಂದರೆ ಅವನ ಭುಜ ಮಾತ್ರ ಕಾಣುತ್ತದೆ. ಪುಟ ಕಳೆದಂತೆ ಬಿಳಿ ಅಗಲವಾಗುತ್ತ ಹೋಗುತ್ತದೆ, ಚೌಕಗಳು ಅಂಚಿಗೆ ಸರಿಯುತ್ತವೆ. ಹನ್ನೊಂದನೆಯ ಪುಟದಲ್ಲಿ ಪೂರಾ ಅವನೇ.

ಅಕ್ಷರದ ಕೆಲಸ ಮಾತ್ರ ಇನ್ನೂ ಕಾಡುತ್ತಿದೆ. ಇಂಗ್ಲಿಷ್ ಚಿತ್ರಕಥೆಗಳಲ್ಲಿ ಎಲ್ಲವೂ ದೊಡ್ಡಕ್ಷರ, ಒಂದೇ ಎತ್ತರ, ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. 'ಹೊರಗೇ ನಿಂತಿದ್ದಾನೆ' ಎಂದು ಬರೆದು ಅದರ ಕೆಳಗೆ 'ಕೊಟ್ಟು ಕಳಿಸು' ಎಂದು ಬರೆದರೆ, ಮೇಲಿನ ಸಾಲಿನ ದ ಒತ್ತು ಕೆಳಗಿನ ಳಿಯ ತಲೆಯ ಮೇಲೆ ಬಂದು ಕೂರುತ್ತದೆ. ಗುಳ್ಳೆ ದೊಡ್ಡದಾಗಿ ಮುಖವನ್ನೇ ನುಂಗುತ್ತದೆ. ಈಗ ಎರಡು ನಿಯಮ ಹಾಕಿಕೊಂಡಿದ್ದೇನೆ: ಒಂದು ಗುಳ್ಳೆಗೆ ಹೆಚ್ಚೆಂದರೆ ಏಳು ಪದ, ಸಾಲಿನ ನಡುವೆ ಒಂದು ಅಕ್ಷರದಷ್ಟು ಜಾಗ. ಸದ್ದುಗಳ ವಿಷಯದಲ್ಲಿ ಕನ್ನಡದಷ್ಟು ಸಿರಿವಂತ ಭಾಷೆ ಬೇರೆ ಬೇಕಿಲ್ಲ. ಕಾಫಿಯನ್ನು ಎತ್ತರದಿಂದ ಸುರಿಯುವಾಗ 'ಸೊರ್ರ್' ಎಂದು ಲೋಟದಿಂದ ಲೋಟಕ್ಕೆ ಉದ್ದಕ್ಕೆ ಎಳೆದಿದ್ದೇನೆ. ಆ ರಕಾರದ ಬಾಲವೇ ಕಾಫಿಯ ಧಾರೆ. ಹೊರಗಿನವನ ಲೋಟಕ್ಕೆ ಸುರಿಯುವಾಗಲೂ ಅದೇ ಸದ್ದು, ಆದರೆ ಒಂದು ಗೇಣು ಮೇಲಿನಿಂದ, ತಾಗದಂತೆ. ಅಲ್ಲಿ ಬಾಲ ಇನ್ನೂ ಉದ್ದ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಹೊರಗೆ ನಿಲ್ಲುತ್ತಿದ್ದ ಆ ಮನುಷ್ಯನ ಹೆಸರು ಅಪ್ಪನಿಗೆ ನೆನಪಿಲ್ಲ. ಲೋಟದ ಅಂಚಿನಲ್ಲಿದ್ದ ಬಿರುಕು ನೆನಪಿದೆ, ಯಾವ ಗಳುವಿಗೆ ಸಿಕ್ಕಿಸುತ್ತಿದ್ದರು ಎಂಬುದೂ ನೆನಪಿದೆ, ಹೆಸರು ಇಲ್ಲ. ಧ್ವನಿಮುದ್ರಣದಲ್ಲಿ ಆ ಜಾಗದಲ್ಲಿ ಬಹಳ ಹೊತ್ತು ಫ್ಯಾನಿನ ಸದ್ದು ಮಾತ್ರ ಇದೆ. ಕೊನೆಗೆ ಅಪ್ಪನೇ, "ಕೇರಿಗೆ ಹೋಗಿ ಕೇಳು, ನಾನೂ ಬರುತ್ತೇನೆ" ಎಂದರು.

ಅಲ್ಲಿ ಒಬ್ಬ ಹಿರಿಯರು ಜಗುಲಿಯ ಮೇಲೆ ಕುಳಿತು, ಕನ್ನಡಕ ಹಾಕಿಕೊಂಡು, ಹನ್ನೊಂದೂ ಪುಟಗಳನ್ನು ನಿಧಾನವಾಗಿ ನೋಡಿದರು. ಒಬ್ಬನೇ ಏಕೆ ನಿಂತಿದ್ದಾನೆ ಎಂದು ಕೇಳಿದರು. ಆ ಲೋಟದಲ್ಲಿ ಅವರೂ ಕುಡಿದಿದ್ದರು, ಅವರ ಅಪ್ಪ, ಚಿಕ್ಕಪ್ಪಂದಿರೂ ಕುಡಿದಿದ್ದರು. ಐದಾರು ಹೆಸರು ಹೇಳಿದರು. ಅಪ್ಪ ತಲೆ ತಗ್ಗಿಸಿಯೇ ಕೇಳಿಸಿಕೊಂಡರು. ಆಮೇಲೆ ಆ ಹಿರಿಯರು ಒಂಬತ್ತನೆಯ ಪುಟಕ್ಕೆ ತಿರುಗಿ, ಖಾಲಿ ಲೋಟವನ್ನು ತಾತ ಸೂರಿಗೆ ಸಿಕ್ಕಿಸುತ್ತಿರುವ ಚಿತ್ರದ ಮೇಲೆ ಬೆರಳಿಟ್ಟರು.

"ಇದು ಹೀಗಲ್ಲ. ನಿಮ್ಮ ತಾತ ಇದನ್ನು ಯಾವತ್ತೂ ಮುಟ್ಟಲಿಲ್ಲ. ಕುಡಿದಾದ ಮೇಲೆ ನಾವೇ ತೊಳೆದು, ನಾವೇ ಅಲ್ಲಿ ಸಿಕ್ಕಿಸಬೇಕಿತ್ತು. ತೊಳೆಯಲು ನೀರನ್ನೂ ಮೇಲಿನಿಂದಲೇ ಹೊಯ್ಯುತ್ತಿದ್ದರು."

ಒಂಬತ್ತನೆಯ ಪುಟವನ್ನು ಹೊಸ ಹಾಳೆಯಲ್ಲಿ ಮೊದಲಿನಿಂದ ಬಿಡಿಸಲು ಕುಳಿತಿದ್ದೇನೆ. ಪೆನ್ಸಿಲ್ ಮುಗಿದಿದೆ: ಮೇಲಿನಿಂದ ಬೀಳುವ ನೀರು, ಲೋಟ ಹಿಡಿದ ಕೈಗಳು. ಹನ್ನೊಂದನೆಯ ಪುಟದ ಬಿಳಿಯಲ್ಲಿ ಇನ್ನೂ ಐದು ಜನರಿಗೆ ಜಾಗ ಮಾಡಬೇಕು. ಹೆಸರುಗಳನ್ನು ಪುಸ್ತಕದಲ್ಲಿ ಹಾಕಬಹುದೇ ಎಂದು ಅವರ ಮನೆಯವರನ್ನು ಕೇಳಲು ಬರುವ ಭಾನುವಾರ ಅಪ್ಪ ಮತ್ತು ನಾನು ಮತ್ತೆ ಹೋಗುತ್ತಿದ್ದೇವೆ.