ಹತ್ತು ನಿಮಿಷದ ಕೆಲಸ

"ಹತ್ತು ನಿಮಿಷದ ಕೆಲಸಕ್ಕೆ ಇಷ್ಟು ಫೀಸಾ?" ಅಂದ್ರು ಇವತ್ತು ಒಬ್ರು.

ಜನರ ಕ್ರೆಡಿಟ್ ಕಾರ್ಡ್ ಪಾಯಿಂಟ್ಸಲ್ಲಿ ಅವರಿಗೆ ವಿಮಾನದ ಟಿಕೆಟ್ ಬುಕ್ ಮಾಡಿಕೊಡೋದು ನನ್ನ ಕೆಲಸ. ಬುಕ್ ಮಾಡಿದ್ದು ಹತ್ತೇ ನಿಮಿಷ, ನಿಜ.

ಪಾಯಿಂಟ್ಸಿಗೆ ಅಂತ ಏರ್‌ಲೈನಿನವರು ಬಿಡೋ ಸೀಟೇ ಬೆರಳೆಣಿಕೆ. ಇವರಿಗೆ ಬೇಕಿದ್ದದ್ದು ಒಂದೇ ವಿಮಾನದಲ್ಲಿ ನಾಲ್ಕು ಬಿಸಿನೆಸ್ ಕ್ಲಾಸ್ ಸೀಟು. ಮೂರು ಕಾಣ್ತಿತ್ತು. ಆ ನಾಲ್ಕನೇದಕ್ಕೆ ಐದು ರಾತ್ರಿ ನಿದ್ದೆಗೆಟ್ಟೆ. ಅದು ಸಿಗೋವರೆಗೂ ಕಾರ್ಡಿನ ಪಾಯಿಂಟ್ಸ್ ಮುಟ್ಟೋ ಹಾಗಿಲ್ಲ, ಬುಕ್ ಮಾಡೋಕೆ ಅವನ್ನ ಏರ್‌ಲೈನಿನ ಖಾತೆಗೆ ಕಳಿಸ್ಬೇಕು, ಒಮ್ಮೆ ಹೋದ್ರೆ ಸಾಮಾನ್ಯವಾಗಿ ವಾಪಸ್ ಬರಲ್ಲ.

ಉಳಿಸಿಕೊಟ್ಟಿದ್ದರಲ್ಲಿ ಪಾಲು ಕೇಳೋಣ ಅಂದ್ರೆ, ಅವರು ದುಡ್ಡು ಕೊಟ್ಟು ಬಿಸಿನೆಸ್ ಕ್ಲಾಸ್ ಹತ್ತೋರೇ ಅಲ್ಲ. ಹಾಗಾದ್ರೆ ಉಳಿದಿದ್ದೆಷ್ಟು? ಗಂಟೆ ಲೆಕ್ಕ ಹಾಕಿದ್ರೆ ನಂಗೇ ನಾಚಿಕೆ ಆಗುತ್ತೆ, ಬಿಡಿ.

ಸೀಟಿಗಿಷ್ಟು ಅನ್ನೋ ಹಳೇ ರೇಟನ್ನೇ ಮತ್ತೆ ಕಳಿಸ್ದೆ. ಬ್ಲೂ ಟಿಕ್ ಬಂದಿದೆ. ಉತ್ತರ ಬಂದಿಲ್ಲ.