ಪಿಲಾತನ ಬೋಗುಣಿ

ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿ, ಚರ್ಚಿನ ದೀಪಗಳನ್ನೆಲ್ಲ ಆರಿಸಿರುತ್ತಾರೆ. ಹೊರಗೆ ಅಂಗಳದಲ್ಲಿ ಸೌದೆ ಒಟ್ಟಿ ಬೆಂಕಿ ಮಾಡಿ, ಅದರಿಂದ ದೊಡ್ಡ ಪಾಸ್ಖ ಮೇಣದಬತ್ತಿ ಹೊತ್ತಿಸುತ್ತಾರೆ. ಬತ್ತಿಯ ಮೇಲೆ ಒಂದು ಶಿಲುಬೆ, ಸುತ್ತ ಆ ವರ್ಷದ ನಾಲ್ಕು ಅಂಕಿ, ಯೇಸುವಿನ ಐದು ಗಾಯಗಳ ಗುರುತಿಗೆ ಐದು ಧೂಪದ ಹರಳು. ಅದರಿಂದ ಒಬ್ಬರ ಕೈಯ ಬತ್ತಿ, ಅವರಿಂದ ಇನ್ನೊಬ್ಬರದು. ಮೇಣ ಬೀಳದಿರಲಿ ಅಂತ ಪೇಪರ್ ಲೋಟದ ತಳ ತೂತು ಮಾಡಿ ಸಿಕ್ಕಿಸಿಕೊಂಡಿರುತ್ತೇವೆ. ಆದರೂ ಬೆರಳು ಸುಡುತ್ತದೆ ಅನ್ನಿ.

ಪ್ರವಚನ ಮುಗಿದ ಮೇಲೆ ಗುರುಗಳು ಕೇಳುತ್ತಾರೆ: ಸೈತಾನನನ್ನು ತ್ಯಜಿಸುತ್ತೀರಾ? ಪಿತ ದೇವರಲ್ಲಿ ವಿಶ್ವಾಸವಿದೆಯಾ? ಸುತನಲ್ಲಿ? ಪವಿತ್ರಾತ್ಮರಲ್ಲಿ? ನೀರು ಹೊಯ್ದು ಧರ್ಮಸಭೆಗೆ ಸೇರಿಸಿಕೊಳ್ಳುವ ಜ್ಞಾನಸ್ನಾನದ ದಿನ ಇದಕ್ಕೆಲ್ಲ ನನ್ನ ಪರವಾಗಿ ದೊಡ್ಡವರು ಉತ್ತರ ಕೊಟ್ಟಿದ್ದರು. ನಾನು ಕೈಗೂಸು. ಈಗ ನಾನೇ ಬಾಯಿ ಬಿಡಬೇಕು.

ಭಾನುವಾರದ ವಿಶ್ವಾಸ ಸಂಗ್ರಹ, ಅಂದರೆ ನಾವು ನಂಬುವುದನ್ನೆಲ್ಲ ಒಟ್ಟಾಗಿ ಹೇಳುವ ಪ್ರಾರ್ಥನೆ, ನನಗೆ ನಿದ್ದೆಯಲ್ಲೂ ಬರುತ್ತದೆ. 325ರಲ್ಲಿ ನೈಸಿಯಾದಲ್ಲಿ, ಅಂದರೆ ಇಂದಿನ ಟರ್ಕಿಯ ಇಜ್ನಿಕ್‌ನಲ್ಲಿ, ಬಿಷಪ್ಪರು ಸೇರಿ ಯೇಸು ಸೃಷ್ಟಿಯಾದವರಲ್ಲ, ಪಿತನ ಸ್ವಭಾವವೇ ಅವರದು ಅಂತ ತೀರ್ಮಾನಿಸಿದರು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆ ಪ್ರಾರ್ಥನೆಗೆ ಇನ್ನಷ್ಟು ಸೇರಿತು. ತ್ರಿತ್ವ, ಅಂದರೆ ಪಿತ, ಸುತ, ಪವಿತ್ರಾತ್ಮ ಮೂವರೂ ಒಬ್ಬರೇ ದೇವರು ಅನ್ನೋದು, ಅರ್ಥ ಆಗೋದು ಕಷ್ಟ ಅಂತಾರೆ ಎಲ್ಲರೂ. ನನಗೆ ಅದು ಯಾವತ್ತೂ ತೊಂದರೆ ಕೊಟ್ಟಿಲ್ಲ. ಅರ್ಥ ಆಗದಿದ್ದರೂ ಕೈಮುಗಿಯಬಹುದು, ಅಲ್ವಾ?

ನನ್ನನ್ನು ಕಾಡಿದ್ದು ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪಿಲಾತ. ಆ ಪ್ರಾರ್ಥನೆಯಲ್ಲಿ ಯೇಸು, ಮರಿಯಮ್ಮನವರನ್ನು ಬಿಟ್ಟರೆ ಹೆಸರಿರುವ ಮನುಷ್ಯ ಅವನೊಬ್ಬನೇ. ಪೇತ್ರನಿಲ್ಲ, ಪೌಲನಿಲ್ಲ, ಈ ರೋಮನ್ ಅಧಿಕಾರಿ ಇದ್ದಾನೆ! ಇದು ಪುರಾಣವಲ್ಲ, ಇಂಥ ಆಡಳಿತದಲ್ಲಿ, ಇಂಥ ಊರಲ್ಲಿ ನಡೆದದ್ದು ಅಂತ ಹೇಳುವುದಕ್ಕೆ ಆ ಹೆಸರು. 1961ರಲ್ಲಿ ಇಂದಿನ ಇಸ್ರೇಲಿನ ಕೈಸರೇಯದಲ್ಲಿ ಅವನ ಹೆಸರು ಕೆತ್ತಿದ ಕಲ್ಲೂ ಸಿಕ್ಕಿತು.

ನಮ್ಮಜ್ಜಿಗೆ ಕಲ್ಲಿನ ವಿಷಯ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಕೆಲಸದಿಂದ ನುಣುಚಿಕೊಂಡರೆ, "ಪಿಲಾತನ ಹಂಗೆ ಕೈ ತೊಳ್ಕೋಬ್ಯಾಡ" ಅನ್ನುತ್ತಿದ್ದಳು. ಜನರ ಮುಂದೆ ನೀರು ತರಿಸಿ ಅವನು ಕೈ ತೊಳೆದ ಕಥೆ ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದಲ್ಲಿ ಮಾತ್ರ ಇದೆ. "ಈತನ ರಕ್ತಕ್ಕೆ ನಾನು ಹೊಣೆಯಲ್ಲ" ಅಂದ, ಆಮೇಲೆ ಶಿಲುಬೆಗೆ ಒಪ್ಪಿಸಿಕೊಟ್ಟ.

ನಾನೂ ತೊಳೆದಿದ್ದೇನೆ. ಮನೆ ಪಾಲಿನ ಮಾತು ಬಂದಾಗ ಅಕ್ಕನಿಗೆ ಏನೂ ಇಲ್ಲ ಅಂತಾಯಿತು. "ನಂಗೇನೂ ಗೊತ್ತಿಲ್ಲಕ್ಕ, ಅಪ್ಪನ್ನೇ ಕೇಳು" ಅಂದೆ. ಗೊತ್ತಿತ್ತು. ಕಾಗದಕ್ಕೆ ನಾನೇ ಸಹಿ ಹಾಕಿದ್ದೆ. ಅವಳು ಜಗಳ ಆಡಲಿಲ್ಲ. ನಮ್ಮ ಮನೆಗೆ ಬರುವುದನ್ನು ಬಿಟ್ಟಳು, ಅಷ್ಟೆ.

ಈ ಸಲ ಜಾಗರಣೆಯಲ್ಲಿ ಅವಳು ನನ್ನ ಮುಂದಿನ ಸಾಲಿನಲ್ಲೇ ನಿಂತಿದ್ದಳು. ವಿಶ್ವಾಸದ ಮೂರನೆಯ ಪ್ರಶ್ನೆ ಬಂತು. ಪವಿತ್ರಾತ್ಮರು, ಧರ್ಮಸಭೆ, ಸಂತರ ಅನ್ಯೋನ್ಯತೆ, ಪಾಪಕ್ಷಮೆ, ದೇಹದ ಪುನರುತ್ಥಾನ, ನಿತ್ಯಜೀವ. ಸತ್ತವರು ಏಳುತ್ತಾರೆ ಅನ್ನೋದನ್ನು ನಾನು ಸಲೀಸಾಗಿ ನಂಬಿಬಿಡುತ್ತೇನೆ. ಪಾಪಕ್ಷಮೆಯ ಹತ್ತಿರ ಬಂದಾಗ ಗಂಟಲು ಕಟ್ಟಿತು. ಅದು ದೇವರು ಮತ್ತು ನನ್ನ ನಡುವಿನ ಲೆಕ್ಕ ಮಾತ್ರ ಅಂತ ಇಷ್ಟು ದಿನ ಸುಮ್ನೆ ಇದ್ದೆ. ಎರಡು ಮೊಳ ದೂರದಲ್ಲಿ ಅಕ್ಕನ ಬೆನ್ನು ಕಾಣುತ್ತಿತ್ತು.

"ವಿಶ್ವಾಸಿಸುತ್ತೇವೆ" ಅಂದರು ಎಲ್ಲರೂ. ನನ್ನ ದನಿ ಸ್ವಲ್ಪ ತಡವಾಗಿ ಬಂತು.

ಆಮೇಲೆ ಗುರುಗಳು ಆ ರಾತ್ರಿ ಮಂತ್ರಿಸಿದ ನೀರನ್ನು ಚಿಮುಕಿಸುತ್ತಾ ಬಂದರು. ಪಿಲಾತನ ಬೋಗುಣಿಯಲ್ಲಿದ್ದುದೂ ನೀರೇ. ನಮ್ಮ ಸಾಲಿಗೆ ಜಾಸ್ತಿಯೇ ಬಿತ್ತು. ನನ್ನ ಬತ್ತಿ ಚುರ್ ಅಂತ ಆರಿತು.

ಅಕ್ಕ ಸದ್ದಿಗೆ ತಿರುಗಿದಳು. ಏನೂ ಮಾತಾಡಲಿಲ್ಲ. ತನ್ನ ಬತ್ತಿಯನ್ನು ನನ್ನ ಕಡೆ ವಾಲಿಸಿ ಹಿಡಿದಳು. ಒದ್ದೆಯಾದ ಬತ್ತಿ, ಬೇಗ ಹತ್ತಲಿಲ್ಲ. ಹತ್ತುವವರೆಗೂ ಹಿಡಿದೇ ನಿಂತಿದ್ದಳು.