ಗೊರಾಕ್‌ಗೆ ಅದು ಹೇಗೆ ಹೊಳೆಯಿತು?

ನಾಲ್ಕು ಕಲ್ಲಿನ ದೊರೆಗಳು, ಒಂದು ಮುಚ್ಚಿದ ಬಾಗಿಲು. ದೊರೆಗಳು ಯಾವ ಕ್ರಮದಲ್ಲಿ ಆಳಿದರೋ ಅದೇ ಕ್ರಮದಲ್ಲಿ ಅವರ ಕಿರೀಟ ಒತ್ತಿದರೆ ಬಾಗಿಲು ತೆರೆಯುತ್ತದೆ. ತಪ್ಪಿದರೆ ಮೇಲಿನಿಂದ ಮರಳು ಸುರಿಯುತ್ತದೆ. ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ನಮ್ಮ ಆಟದಲ್ಲಿ ನಾನು ಡಿಎಂ. ಅಂದರೆ ಲೋಕವನ್ನು ಕಟ್ಟಿ, ಕಥೆ ನಡೆಸುವವನು. ಈ ಕೋಣೆಯನ್ನು ತುಂಬಾ ಆಸೆಪಟ್ಟು ಕಟ್ಟಿದ್ದೆ.

ಮೇಜಿನ ಸುತ್ತ ಮೂವರು ಗೆಳೆಯರು. ಒಬ್ಬ ಗೊರಾಕ್ ಎಂಬ ಸೈನಿಕನನ್ನು ಆಡುತ್ತಾನೆ. ಈ ಗೆಳೆಯ ಒಗಟು ಕಂಡರೆ ಬಿಡುವವನಲ್ಲ. ಆದರೆ ಗೊರಾಕ್‌ನ ಕ್ಯಾರೆಕ್ಟರ್ ಶೀಟ್‌ನಲ್ಲಿ, ಅಂದರೆ ಪಾತ್ರದ ಗುಣಗಳನ್ನು ಅಂಕಿಯಲ್ಲಿ ಬರೆದಿಡುವ ಹಾಳೆಯಲ್ಲಿ, ಬುದ್ಧಿ ಬರೀ 8. ಇನ್ನೊಬ್ಬಳದು ಮೀರಾಲ್ ಎಂಬ ಮಂತ್ರವಾದಿ, ಬುದ್ಧಿ 18. ಅವಳನ್ನು ಆಡುವ ಗೆಳತಿ ಆಟಕ್ಕೆ ಹೊಸಬಳು, ಮಾತು ಕಡಿಮೆ. ಮೂರನೆಯವನು ಕಳ್ಳನ ಪಾತ್ರ ಆಡುತ್ತಾನೆ. ನಿಯಮಗಳೆಲ್ಲ ಅವನಿಗೆ ಬಾಯಿಪಾಠ.

ನಾನು ವಿಗ್ರಹಗಳನ್ನು ವರ್ಣಿಸಿದೆ. ಒಬ್ಬ ದೊರೆಯ ಕಿರೀಟದಲ್ಲಿ ಏಳು ಹರಳು, ಒಬ್ಬನದರಲ್ಲಿ ಆರು, ಒಬ್ಬನದರಲ್ಲಿ ನಾಲ್ಕು, ಕೊನೆಯದರಲ್ಲಿ ಮತ್ತೆ ಏಳು. ನಾನು ಮಾತು ಮುಗಿಸಿರಲಿಲ್ಲ, ಗೊರಾಕ್‌ನನ್ನು ಆಡುವ ಗೆಳೆಯ ಕುರ್ಚಿಯಿಂದ ಎದ್ದೇಬಿಟ್ಟ. "ಅದು ಒಂದೇ ಕಿರೀಟ! ಒಬ್ಬರಿಂದ ಒಬ್ಬರಿಗೆ ಬಂದಿದೆ. ಬರ್ತಾ ಬರ್ತಾ ಹರಳು ಉದುರಿವೆ. ಏಳು, ಆರು, ನಾಲ್ಕು... ಆದ್ರೆ ಏಳು ಎರಡು ಸಲ ಯಾಕಿದೆ?"

"ಅಲ್ಲ ಕಣೋ, ಗೊರಾಕ್‌ಗೆ ಬುದ್ಧಿ ಎಂಟೇ ಅಲ್ವಾ? ಅವನಿಗೆ ಇದೆಲ್ಲ ಹೇಗೆ ಹೊಳೆಯುತ್ತೆ?" ಎಂದ ಕಳ್ಳ.

ಎದ್ದವನು ಸುಮ್ಮನೆ ಕೂತ. ಅವನ ಮುಖದಲ್ಲಿದ್ದ ಖುಷಿ ಹಾಗೇ ಇಳಿದುಹೋಯಿತು. ಎಲ್ಲರೂ ಮೀರಾಲ್ ಕಡೆ ತಿರುಗಿದರು. ಬುದ್ಧಿ 18 ಇರುವವಳು ಏನಾದರೂ ಹೇಳಬೇಕಲ್ಲ. ಅವಳು ಕೈಯಲ್ಲಿದ್ದ ದಾಳವನ್ನು ತಿರುಗಿಸುತ್ತಾ "ನಂಗೇನೂ ಗೊತ್ತಾಗ್ತಿಲ್ಲ" ಎಂದಳು. ಒಬ್ಬನಿಗೆ ಯೋಚನೆ ಬಂದರೂ ಹೇಳುವ ಹಾಗಿಲ್ಲ. ಇನ್ನೊಬ್ಬಳಿಗೆ ಬರದಿದ್ದರೂ ಹೇಳಲೇಬೇಕು. ಶೀಟ್‌ನ ಒಂದು ಅಂಕಿ ಇಬ್ಬರನ್ನೂ ಆಟದಿಂದ ಹೊರಗೆ ಹಾಕಿತ್ತು.

ಈ ಅಂಕಿ ಆಟದಷ್ಟೇ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಆಟ ಬಂದಾಗಲೇ ಆರು ಗುಣಗಳ ಪಟ್ಟಿಯಲ್ಲಿ ಬುದ್ಧಿಯೂ ಇತ್ತು. ಆಗ ಅದು ಜಾಸ್ತಿ ಬೇಕಾಗುತ್ತಿದ್ದದ್ದು ಮಂತ್ರವಾದಿಗಳಿಗೆ ಮತ್ತು ಎಷ್ಟು ಭಾಷೆ ಬರುತ್ತದೆ ಎಂದು ನೋಡುವುದಕ್ಕೆ. ಒಗಟು ಬಿಡಿಸುವುದು ಹೆಚ್ಚಾಗಿ ಆಟಗಾರರ ಸ್ವಂತ ತಲೆಯ ಕೆಲಸ. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಬುದ್ಧಿ ಜಾಸ್ತಿ ಇದ್ದಷ್ಟೂ ಕಲಿಯಬಹುದಾದ ಸ್ಕಿಲ್, ಅಂದರೆ ಪಾತ್ರಕ್ಕೆ ಬರುವ ವಿದ್ಯೆಗಳು, ಜಾಸ್ತಿ ಎಂದಾಯಿತು. ಹೀಗೆ ಪಾತ್ರದ ತಲೆ ಬೇರೆ, ಆಟಗಾರನ ತಲೆ ಬೇರೆ ಎಂಬ ಜಗಳ ಬೆಳೆಯುತ್ತಾ ಬಂತು.

ಆದರೆ 8 ಅಂದರೆ ದಡ್ಡನೇ? ಅವತ್ತು ನಾನು ಕೇಳಿದ್ದು ಇದನ್ನೇ. ಹಳೆಯ ಪದ್ಧತಿಯಲ್ಲಿ ಮೂರು ದಾಳ ಹಾಕಿ ಕೂಡಿಸಿ ಗುಣ ಗೊತ್ತುಮಾಡುತ್ತಾರೆ. 216 ಬಗೆಯಲ್ಲಿ ದಾಳ ಬೀಳಬಹುದು, ಅದರಲ್ಲಿ 56 ಬಗೆಯಲ್ಲಿ 8 ಅಥವಾ ಅದಕ್ಕಿಂತ ಕಡಿಮೆ. ಅಂದರೆ ನಾಲ್ಕು ಜನರಲ್ಲಿ ಒಬ್ಬ ಗೊರಾಕ್‌ನ ಹಾಗೆಯೇ ಇರುತ್ತಾನೆ. ನಾವು ಆಡುವ ಐದನೇ ಆವೃತ್ತಿಯಲ್ಲಿ 8 ಇದ್ದವನಿಗೆ ದಾಳದಲ್ಲಿ ಬಿದ್ದ ಅಂಕಿಯಿಂದ ಬರೀ ಒಂದು ಅಂಕ ಕಡಿತ. ಇಪ್ಪತ್ತು ಮುಖದ ದಾಳದಲ್ಲಿ 15 ಮುಟ್ಟಬೇಕಾದ ಪರೀಕ್ಷೆಯನ್ನು ಅವನು ನಾಲ್ಕರಲ್ಲಿ ಒಂದು ಸಲ ಗೆಲ್ಲುತ್ತಾನೆ. ಅಂಥವನಿಗೆ ಒಂದು ಯೋಚನೆಯೂ ಹೊಳೆಯಬಾರದು ಅನ್ನುವುದು ಯಾವ ನಿಯಮದಲ್ಲೂ ಇಲ್ಲ. ಅದೂ ಅಲ್ಲದೆ, ಕಣ್ಣಿಗೆ ಬಿದ್ದದ್ದನ್ನು ಗಮನಿಸುವ ಸ್ಕಿಲ್ ಈ ಆಟದಲ್ಲಿ ಬುದ್ಧಿಗೆ ಸೇರಿದ್ದಲ್ಲ, ವಿವೇಕ ಎಂಬ ಬೇರೆ ಗುಣಕ್ಕೆ ಸೇರಿದ್ದು. ಗೊರಾಕ್‌ನ ವಿವೇಕ 14.

ಹಾಗಾಗಿ ನಾನು ಅವನ ಬಾಯಿ ಮುಚ್ಚಿಸಲಿಲ್ಲ. "ಗೊರಾಕ್‌ಗೆ ಅದು ಹೇಗೆ ಹೊಳೆಯಿತು, ಹೇಳು" ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಗೊರಾಕ್‌ನ ದಪ್ಪ ದನಿಯಲ್ಲಿ ಶುರುಮಾಡಿದ. "ದಂಡಿನಲ್ಲಿ ನಂಗೆ ಕೊಟ್ಟಿದ್ದು ಸತ್ತವನ ಶಿರಸ್ತ್ರಾಣ. ಅವನಿಗೂ ಅದು ಸತ್ತವನಿಂದಲೇ ಬಂದಿತ್ತು. ಯಾವ ನೆಗ್ಗು ಯಾರ ಕಾಲದ್ದು ಅಂತ ನಮಗೆಲ್ಲ ಗೊತ್ತಿತ್ತು. ನನ್ನ ನೆಗ್ಗು ಎಡಗಡೇದು. ಕಿರೀಟ ಆದ್ರೇನು, ಅದೂ ತಲೆ ಮೇಲೆ ಇಡೋದೇ ಅಲ್ವಾ?"

ನನಗೆ ಮೈ ಜುಮ್ಮೆಂದಿತು. ಉತ್ತರ ಅದೇ, ಆದರೆ ಈಗ ಅದು ಗೊರಾಕ್‌ನದು. ಓದಿನಿಂದ ಬಂದದ್ದಲ್ಲ, ಬದುಕಿನಿಂದ ಬಂದದ್ದು. ಆ ಶಿರಸ್ತ್ರಾಣದ ವಿಷಯ ಅಲ್ಲಿಯವರೆಗೆ ನಮಗ್ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ.

ಇನ್ನು ಮೀರಾಲ್. ಗೊರಾಕ್‌ನ ಶಕ್ತಿ 18 ಇದೆ ಎಂದು ನಾವು ಅವನನ್ನು ಆಡುವ ಗೆಳೆಯನಿಗೆ ಬಂಡೆ ಎತ್ತಲು ಹೇಳುವುದಿಲ್ಲ. ಆದರೆ ಮಂತ್ರವಾದಿಯನ್ನು ಆಡುವವರು ಮಾತ್ರ ನಿಜವಾಗಿಯೂ ಜಾಣರಾಗಿರಬೇಕು ಅಂದುಕೊಳ್ಳುತ್ತೇವೆ. ಇದು ನ್ಯಾಯವಲ್ಲ. ಮೀರಾಲ್‌ಗೆ ಇತಿಹಾಸದ ಸ್ಕಿಲ್ ಇತ್ತು. ದಾಳ ಹಾಕಿಸಿದ್ದರೆ ನೂರಕ್ಕೆ ಅರವತ್ತರಷ್ಟು ಗೆಲ್ಲುವ ಲೆಕ್ಕ. ಆದರೆ ಉಳಿದ ನಲವತ್ತು ಬಿದ್ದರೆ? ಇಡೀ ಬದುಕನ್ನು ಓದಿನಲ್ಲಿ ಕಳೆದವಳಿಗೆ ಒಂದು ರಾಜವಂಶದ ಕಥೆ ಗೊತ್ತಿಲ್ಲ ಎಂದಾಗುತ್ತದೆ, ಬಾಗಿಲೂ ಹಾಗೇ ಉಳಿಯುತ್ತದೆ. ತಕ್ಕ ಸ್ಕಿಲ್ ಇದ್ದವರಿಗೆ ಮುಖ್ಯ ಸುಳಿವನ್ನು ದಾಳವಿಲ್ಲದೆ ಕೊಡುವ ಆಟಗಳು ಇವೆ, ಆ ದಾರಿ ನನಗೆ ತುಂಬಾ ಇಷ್ಟ. ಒಂದು ಚೀಟಿಯಲ್ಲಿ ಮೂರು ಸಾಲು ಬರೆದು ಅವಳ ಮುಂದೆ ಸರಿಸಿದೆ. ಈ ವಂಶದಲ್ಲಿ ಒಬ್ಬ ಅಣ್ಣನನ್ನು ಕೊಂದು ಪಟ್ಟಕ್ಕೆ ಬಂದ. ತಾನೇ ಮೊದಲ ದೊರೆ ಎಂದು ಶಾಸನ ಕೆತ್ತಿಸಿದ. ಅವನ ಕಾಲಕ್ಕೆ ಖಜಾನೆ ಬರಿದಾಗಿತ್ತು.

ಉತ್ತರವನ್ನು ಬರೆದಿರಲಿಲ್ಲ. ಮೀರಾಲ್‌ಗೆ ಗೊತ್ತಿರುವುದನ್ನಷ್ಟೇ ಬರೆದಿದ್ದೆ. ಗೆಳತಿ ಚೀಟಿಯನ್ನು ಓದಿದಳು, ಮತ್ತೆ ಓದಿದಳು. ದಾಳ ಕೆಳಗಿಟ್ಟಳು. "ಖಜಾನೆ ಬರಿದಾಗಿದ್ರೆ ಏಳು ಹರಳು ಎಲ್ಲಿಂದ ಬಂತು?" ಎಂದಳು. ತಡೆದು, "ಗಾಜು! ಉದುರಿದ ಕಡೆಯೆಲ್ಲ ಗಾಜು ಕೂರಿಸಿದ್ದಾನೆ. ಇಬ್ಬರಲ್ಲಿ ಒಬ್ಬ ಸುಳ್ಳುಗಾರ, ಅವನೇ ಕೊನೆಯವನು" ಎಂದಳು. ಆಮೇಲೆ ಅವಳ ಮಾತು ನಿಲ್ಲಲೇ ಇಲ್ಲ.

ಆ ಇಬ್ಬರಲ್ಲಿ ಸುಳ್ಳುಗಾರ ಯಾರು ಎಂದು ಕಂಡುಹಿಡಿದದ್ದು ಕಳ್ಳ. ಪೀಠದ ಮೇಲೆ ಬೆರಳಾಡಿಸುತ್ತೇನೆ ಎಂದ, ದಾಳವೂ ಚೆನ್ನಾಗಿ ಬಿತ್ತು. ಹಳೆಯ ಅಕ್ಷರ ಅಳಿಸಿ ಮೇಲೆ ಹೊಸದು ಕೆತ್ತಿದ್ದು ಸಿಕ್ಕಿತು. ಬಾಗಿಲು ತೆರೆಯಿತು.

ಆದರೂ ಅವನು ತನ್ನ ಮಾತು ಬಿಡಲಿಲ್ಲ. "ಹಾಗಾದ್ರೆ ಪುಸ್ತಕದಲ್ಲಿರೋದೆಲ್ಲ ಗೊರಾಕ್‌ಗೂ ಗೊತ್ತು ಅಂತಾನಾ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಕಣ್ಣೆದುರು ಇರುವುದನ್ನು ನೋಡಿ ಯೋಚಿಸುವುದು ಬೇರೆ, ನಿಯಮದ ಪುಸ್ತಕ ಓದಿ ತಿಳಿದದ್ದು ಬೇರೆ. ಮೊದಲನೆಯದಕ್ಕೆ ನಾನು ಅಡ್ಡ ಬರುವುದಿಲ್ಲ. ಎರಡನೆಯದಕ್ಕೆ ಸ್ಕಿಲ್ ಬೇಕು, ದಾಳವೂ ಬೇಕು.

ಬಾಗಿಲಿನಾಚೆ ಟ್ರೋಲ್ ಎಂಬ ಒಂದು ರಾಕ್ಷಸ ಜೀವಿ ಕಾದಿತ್ತು. ಅದರ ಗಾಯ ತಾನಾಗಿ ಕೂಡಿಕೊಳ್ಳುತ್ತದೆ, ಬೆಂಕಿ ಅಥವಾ ಆಮ್ಲ ತಗುಲಿದರೆ ಮಾತ್ರ ಅದು ನಿಲ್ಲುತ್ತದೆ. ಇದು ಮೇಜಿನ ಸುತ್ತ ಹಳಬರಿಗೆಲ್ಲ ಗೊತ್ತು. ನಾನು ಬಾಯಿ ತೆರೆಯುವ ಮೊದಲೇ ಗೊರಾಕ್‌ನ ಗೆಳೆಯ ದಾಳ ಕೈಗೆತ್ತಿಕೊಂಡ. "ಇದು ಗೊರಾಕ್‌ಗೆ ಗೊತ್ತಾ ನೋಡೋಣ" ಎಂದು ಹಾಕಿದ. 4 ಬಿತ್ತು. ಖುಷಿಯಿಂದ ಬರೀ ಕತ್ತಿ ಹಿಡಿದು ನುಗ್ಗಿದ. ಕಡಿದ ಗಾಯ ಕೂಡಿಕೊಂಡಾಗ ಗೊರಾಕ್‌ನ ದನಿಯಲ್ಲಿ "ಮೀರಾಲ್, ಇದೇನೇ ಇದು? ಸಾಯ್ತಾನೇ ಇಲ್ಲ!" ಎಂದು ಕೂಗಿದ. ಅವಳು ಆಗಲೇ ಶೀಟ್‌ನಲ್ಲಿ ಬೆಂಕಿಯ ಮಂತ್ರ ಹುಡುಕುತ್ತಿದ್ದಳು.